ಇನ್ನೊಬ್ಬರು ಕಟ್ಟಿದ ರೈಲುಮಾರ್ಗ

ಮಾದರಿ ರೈಲುಮಾರ್ಗವನ್ನು ಮಾರಲು ಹೊರಟವರು ಸಾಮಾನ್ಯವಾಗಿ ಅದರ ಮೇಲ್ಭಾಗದ ಚಿತ್ರಗಳನ್ನಷ್ಟೇ ತೋರಿಸುತ್ತಾರೆ: ನಿಲ್ದಾಣ, ಚರ್ಚಿನ ಗೋಪುರ, ಸುರಂಗದ ಬಾಯಿ, ಸೇತುವೆಯ ಮೇಲೆ ನಿಂತ ಗಾಡಿ. ಕೊಳ್ಳುವವರು ನೋಡುವುದೂ ಅದನ್ನೇ. ಆದರೆ ಅಂಥ ಲೇಔಟ್ ಕಟ್ಟಿದವರ ಶ್ರಮದ ಅರ್ಧಪಾಲು, ನನ್ನ ಮಟ್ಟಿಗೆ ಹೆಚ್ಚು ಬೆಲೆಯುಳ್ಳ ಅರ್ಧಪಾಲು, ಹಲಗೆಯ ಅಡಿಯಲ್ಲಿರುತ್ತದೆ. ಯಾವ ವೈರ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗಿದೆ, ವಿದ್ಯುತ್ತನ್ನು ಎಲ್ಲಿ ಬೇಕೆಂದೇ ತಡೆಯಲಾಗಿದೆ, ಯಾವ ಗುಂಡಿ ಒತ್ತಿದರೆ ಯಾವ ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಹಳಿಯ ಕವಲು) ಹೊರಳುತ್ತದೆ ಎಂಬುದೆಲ್ಲ ಅಲ್ಲಿದೆ. ಸೆಕೆಂಡ್‌ಹ್ಯಾಂಡ್ ಲೇಔಟ್ ಒಂದನ್ನು ತಂದು ಮರಳಿ ಓಡಿಸುವ ಕೆಲಸಕ್ಕೆ ಇಳಿದ ಮೇಲೆ ನನಗೆ ಖಚಿತವಾದ ಸಂಗತಿಯೆಂದರೆ, ಅದರಲ್ಲಿ ಕೆಟ್ಟಂತೆ ಕಾಣುವುದೆಲ್ಲ ಕೆಟ್ಟಿರುವುದಿಲ್ಲ. ಕೆಲವು ಕಡೆ ಅದು ಹಿಂದಿನವರು ಯೋಚಿಸಿ ಮಾಡಿಟ್ಟ ಏರ್ಪಾಟು. ತುಕ್ಕು ಯಾವುದು, ತೀರ್ಮಾನ ಯಾವುದು ಎಂದು ಬೇರ್ಪಡಿಸಿ ನೋಡುವ ತನಕ ಕೈಯಲ್ಲಿ ಇಕ್ಕಳ ಹಿಡಿಯಬಾರದು.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಮತ್ತು ಉಲ್ಮ್ ನಗರಗಳ ನಡುವಣ ಫಿಲ್ಸ್ ನದಿಯ ಕಣಿವೆಯಲ್ಲಿ. ಮಾದರಿ ರೈಲು ತಯಾರಿಸುವ ಮೆರ್ಕ್ಲಿನ್ ಕಂಪನಿಯ ಊರಾದ ಗೊಪ್ಪಿಂಗನ್ ಇರುವುದೂ ಇದೇ ಕಣಿವೆಯಲ್ಲಿ. 1859ರಲ್ಲಿ ಗೊಂಬೆಮನೆಯ ತಗಡಿನ ಅಡುಗೆ ಸಾಮಾನು ಮಾಡುತ್ತ ಶುರುವಾದ ಈ ಸಂಸ್ಥೆ, 1891ರಲ್ಲಿ ಲೈಪ್‌ಜಿಗ್‌ನ ವ್ಯಾಪಾರ ಮೇಳದಲ್ಲಿ ಎಂಟರ ಅಂಕಿಯ ಆಕಾರದ ಹಳಿಯ ಮೇಲೆ ಓಡುವ ಕೀಲಿ ಗಾಡಿಯನ್ನು ತೋರಿಸಿತು. ಹಳಿ, ಬೋಗಿ, ನಿಲ್ದಾಣ ಎಲ್ಲವನ್ನೂ ನಿಗದಿಯಾದ ಅಳತೆಯಲ್ಲಿ ಮಾಡಿ, ಒಂದೊಂದಾಗಿ ಸೇರಿಸುತ್ತ ಹೋಗಬಹುದಾದ ಪದ್ಧತಿಯನ್ನು ರೂಢಿಗೆ ತಂದದ್ದು ಅದರ ದೊಡ್ಡ ಸಾಧನೆ. 1935ರಲ್ಲಿ ಅದು ಹೊರತಂದ ಪುಟ್ಟ ಅಳತೆಯ ವಿದ್ಯುತ್ ರೈಲು ಇಂದು ಎಚ್ ಝೀರೋ ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧವಾಗಿದೆ. ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು, ಹಳಿಗಳ ನಡುವೆ 16.5 ಮಿಲಿಮೀಟರ್ ಅಂತರ. ಈ ಭಾಗದ ಮನೆಗಳ ನೆಲಮಾಳಿಗೆಗಳಲ್ಲಿ, ಅಟ್ಟಗಳಲ್ಲಿ ಅಂಥ ಲೇಔಟ್‌ಗಳು ದಶಕಗಳಿಂದ ಇವೆ. ಕಟ್ಟಿದವರು ತೀರಿಕೊಂಡ ಮೇಲೆ, ಮನೆ ಖಾಲಿ ಮಾಡುವ ಹೊತ್ತಿಗೆ ಅವು ಹೊರಗೆ ಬರುತ್ತವೆ. ಎಂಜಿನ್‌ಗಳಿಗೆ ಗಿರಾಕಿಗಳು ಸಿಗುತ್ತಾರೆ, ಹಲಗೆಗೆ ಸಿಗುವುದಿಲ್ಲ. ಆದ್ದರಿಂದ ಬಹುಪಾಲು ಲೇಔಟ್‌ಗಳನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರುತ್ತಾರೆ, ಉಳಿದದ್ದು ಕಸಕ್ಕೆ ಹೋಗುತ್ತದೆ. ಇದು ನನಗೆ ನಿಜವಾದ ನಷ್ಟವೆಂದೇ ತೋರುತ್ತದೆ, ಏಕೆಂದರೆ ಎಂಜಿನ್ ಇನ್ನೊಂದು ಸಿಗುತ್ತದೆ, ಆ ವೈರಿಂಗ್ ಇನ್ನೊಂದು ಸಿಗುವುದಿಲ್ಲ.

ನನಗೆ ಸಿಕ್ಕಿದ್ದು ಇಲ್ಲಿನ ಹಿರಿಯರೊಬ್ಬರು ಕಟ್ಟಿದ ಲೇಔಟ್. ಅವರು ತೀರಿಕೊಂಡ ನಂತರ ಅವರ ಪತ್ನಿ ಚಿಕ್ಕ ಮನೆಗೆ ಹೋಗುವವರಿದ್ದರು. ಹಲಗೆಯನ್ನು ಒಡೆಯದೆ ಒಯ್ಯುವವರಿಗೆ ಮಾತ್ರ ಕೊಡುತ್ತೇನೆಂದು ಕಾದಿದ್ದರು. ‘ಮನೆಗಳನ್ನು ಅಂಟಿಸಿದ್ದು ನಾನು, ವೈರ್ ಎಳೆದದ್ದು ಅವರು. ಮೇಲಿನದರ ಬಗ್ಗೆ ಏನು ಬೇಕಾದರೂ ಕೇಳಿ, ಕೆಳಗಿನದು ನನಗೆ ತಿಳಿಯದು’ ಎಂದರು. ನಕ್ಷೆ ಇರಲಿಲ್ಲ. ವೈರ್‌ಗಳ ತುದಿಯಲ್ಲಿ ಪೆನ್ಸಿಲಿನಿಂದ ಅಂಕಿ ಬರೆದ ಕಾಗದದ ಚೀಟಿಗಳಿದ್ದವು, ಅಷ್ಟೆ. ಎಂಜಿನ್‌ಗಳ ಪೆಟ್ಟಿಗೆಯಲ್ಲಿ ಹಸಿರು ಬಣ್ಣದ ಇ 94 ಎಂಬ ವಿದ್ಯುತ್ ಎಂಜಿನ್ ಇತ್ತು. ಎರಡು ಮೂತಿಗಳ ನಡುವೆ ಚಾಲಕರ ಕೋಣೆಯಿರುವ, ಗೂಡ್ಸ್ ಗಾಡಿಗಳನ್ನು ಏರಿಗೆ ಎಳೆಯಲೆಂದೇ ರೂಪಿಸಿದ ಎಂಜಿನ್ ಅದು. ‘ಇದು ಓಡುವುದಿಲ್ಲ, ಮುಂದಿನ ಕೊಕ್ಕೆಯೂ ಮುರಿದಿದೆ, ಬಿಡಿಭಾಗಕ್ಕೆ ಆದೀತು’ ಎಂದು ಅವರ ಮಗ ಅದನ್ನು ಬೇರೆಯಾಗಿ ಇಟ್ಟಿದ್ದರು.

ಸಾಗಿಸುವ ವಿಷಯ ದೀರ್ಘವಾಗಿ ಹೇಳುವಂಥದ್ದಲ್ಲ. ಸುಮಾರು 2.6 ಮೀಟರ್ ಉದ್ದ, 1.4 ಮೀಟರ್ ಅಗಲದ ಹಲಗೆಯನ್ನು ಆ ಹಿರಿಯರು ಎರಡು ಭಾಗವಾಗಿ ಮಾಡಿ ಬೋಲ್ಟ್ ಹಾಕಿ ಕೂಡಿಸಿದ್ದರು. ನೆಲಮಾಳಿಗೆಯ ಬಾಗಿಲಿನ ಅಗಲವನ್ನು ಅವರು ಮೊದಲೇ ಯೋಚಿಸಿದ್ದರೆಂಬುದು ಇದರಿಂದ ಸ್ಪಷ್ಟ. ವೈರ್‌ಗಳು ಮಾತ್ರ ಎರಡೂ ಭಾಗಗಳ ಮೇಲೆ ಅಖಂಡವಾಗಿ ಹಾದಿದ್ದವು. ಪ್ರತಿಯೊಂದಕ್ಕೂ ಎರಡು ಬದಿಯಲ್ಲಿ ಒಂದೇ ಅಂಕಿಯ ಪಟ್ಟಿ ಸುತ್ತಿ, ಅಡಿಭಾಗದ ಚಿತ್ರಗಳನ್ನು ಸಾಲಾಗಿ ತೆಗೆದುಕೊಂಡು, ಆಮೇಲೆ ಕತ್ತರಿಸಿ, ಸ್ಕ್ರೂ ಇರುವ ಕನೆಕ್ಟರ್ ಪಟ್ಟಿಗಳನ್ನು ಕೂಡುವ ಜಾಗದಲ್ಲಿ ಕೂರಿಸಿದೆ. ಇನ್ನು ಮುಂದೆ ಯಾರಾದರೂ ಒಯ್ಯುವುದಾದರೆ ಸ್ಕ್ರೂ ಡ್ರೈವರ್ ಒಂದಿದ್ದರೆ ಸಾಕು.

ಮೆರ್ಕ್ಲಿನ್ ಹಳಿಯ ಗುಣವನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಹೆಚ್ಚಿನ ಕಂಪನಿಗಳ ಮಾದರಿ ರೈಲುಗಳಲ್ಲಿ ಒಂದು ಹಳಿ ಧನ, ಇನ್ನೊಂದು ಋಣ, ಡಿಸಿ ವಿದ್ಯುತ್ತು. ಮೆರ್ಕ್ಲಿನ್‌ನಲ್ಲಿ ಎರಡೂ ಹಳಿಗಳು ಒಂದೇ ತಂತಿಯಂತೆ ವಿದ್ಯುತ್ತಿನ ಹಿಂದಿರುಗುವ ದಾರಿ. ಹೋಗುವ ದಾರಿಯೆಂದರೆ ನಡುವೆ ಸ್ಲೀಪರುಗಳ ಮೇಲೆ ಸಾಲಾಗಿ ಕಾಣುವ ಚಿಕ್ಕ ಮೊಳೆತಲೆಗಳು. ಎಂಜಿನ್ನಿನ ಹೊಟ್ಟೆಯಡಿಯ ಉದ್ದನೆಯ ಲೋಹದ ಪಟ್ಟಿ ಆ ಮೊಳೆತಲೆಗಳ ಮೇಲೆ ಜಾರುತ್ತ ವಿದ್ಯುತ್ತನ್ನು ಪಡೆಯುತ್ತದೆ. ಹಳೆಯ ಲೇಔಟ್‌ಗಳಲ್ಲಿ ಈ ವಿದ್ಯುತ್ತು ಎಸಿ: ಓಟಕ್ಕೆ ಸುಮಾರು 4ರಿಂದ 16 ವೋಲ್ಟ್, ದಿಕ್ಕು ಬದಲಿಸಲು ಕ್ಷಣಮಾತ್ರ 24 ವೋಲ್ಟ್. ಎರಡು ಹಳಿಗಳೂ ಒಂದೇ ಆದ್ದರಿಂದ ಗಾಡಿ ಸುತ್ತುಹಾಕಿ ಬಂದ ದಾರಿಗೇ ತಿರುಗಿ ಸೇರುವ ಕುಣಿಕೆಯನ್ನು ಯಾವ ವಿಶೇಷ ವೈರಿಂಗೂ ಇಲ್ಲದೆ ಹಾಕಬಹುದು. ಎರಡು ಹಳಿಯ ಡಿಸಿ ಪದ್ಧತಿಯಲ್ಲಿ ಅದೇ ಕುಣಿಕೆ ನೇರವಾಗಿ ಶಾರ್ಟ್ ಆಗುತ್ತದೆ. ಚಕ್ರಗಳ ಕೊಳೆಯಿಂದ ಎಂಜಿನ್ ನಿಂತುಹೋಗುವುದೂ ಇಲ್ಲಿ ಕಡಿಮೆ. ನೋಟಕ್ಕೆ ನಡುವಿನ ಮೊಳೆಗಳು ಸಹಜವಲ್ಲವೆನ್ನುವವರಿದ್ದಾರೆ. ಹಳೆಯ ಲೇಔಟ್ ನೋಡಿಕೊಳ್ಳುವವನಾಗಿ ನಾನು ಆ ಮೊಳೆಗಳಿಗೆ ಋಣಿ.

ಅಡಿಭಾಗವನ್ನು ಓದಲು ಹಲಗೆಯನ್ನು ಉದ್ದದ ಅಂಚಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸುವುದು ಒಳ್ಳೆಯದು. ಮಲಗಿಕೊಂಡು ಮೇಲೆ ನೋಡುತ್ತ ಕೆಲಸ ಮಾಡಿದರೆ ಬೆಸುಗೆಯ ಹನಿ ಮುಖಕ್ಕೆ ಬೀಳುತ್ತದೆ. ಬಣ್ಣಗಳ ನೇಮವನ್ನು ಆ ಹಿರಿಯರು ಕೊನೆಯತನಕ ಬಿಟ್ಟಿರಲಿಲ್ಲ. ಕಂದು ಬಣ್ಣ ಹಿಂದಿರುಗುವ ವಿದ್ಯುತ್ತಿಗೆ, ಕೆಂಪು ನಡುವಿನ ಮೊಳೆಗಳಿಗೆ, ಹಳದಿ ದೀಪಗಳಿಗೆ ಮತ್ತು ಪಾಯಿಂಟ್‌ಗಳಿಗೆ, ನೀಲಿ ಪಾಯಿಂಟ್‌ನಿಂದ ಗುಂಡಿಗೆ. ಮಲ್ಟಿಮೀಟರಿನಲ್ಲಿ ಒಂದೊಂದು ವೈರನ್ನೂ ತುದಿಯಿಂದ ತುದಿಗೆ ಹಿಡಿದು ನೋಡಿ, ದೊಡ್ಡ ಕಾಗದದ ಮೇಲೆ ಅದೇ ಬಣ್ಣದ ಪೆನ್ಸಿಲಿನಿಂದ ಎಳೆಯುತ್ತ ಹೋದೆ. ನಿಧಾನದ ಕೆಲಸ. ಆದರೆ ಅದು ನಡೆದಂತೆಲ್ಲ ಕಾಣದ ಮನುಷ್ಯರೊಬ್ಬರ ಯೋಚನೆಯ ಕ್ರಮ ತಿಳಿಯುತ್ತ ಹೋಗುತ್ತದೆ. ಅವರು ವೈರನ್ನು ಎಲ್ಲಿಯೂ ಎಳೆದು ಬಿಗಿ ಮಾಡಿರಲಿಲ್ಲ. ಪಾಯಿಂಟ್ ಕಳಚಿ ಮೇಲೆತ್ತಿ ನೋಡುವಷ್ಟು ಉದ್ದವನ್ನು ಪ್ರತಿಯೊಂದರ ಕೆಳಗೂ ಸುರುಳಿ ಸುತ್ತಿ ಬಿಟ್ಟಿದ್ದರು.

ಹಳಿಯ ಕೂಡುಗಳನ್ನು ಬಿಚ್ಚುವಾಗ ಇಂಥದೇ ಇನ್ನೊಂದು ಸಿಕ್ಕಿತು. ಎಂ ಹಳಿ ಎಂದು ಹೆಸರಾದ ಈ ಹಳೆಯ ತಗಡಿನ ಹಳಿಯಲ್ಲಿ, ಎರಡು ತುಂಡುಗಳು ಸೇರುವ ಕಡೆ ಅಡಿಯಲ್ಲಿ ಚಿಕ್ಕ ಲೋಹದ ನಾಲಿಗೆಗಳಿರುತ್ತವೆ. ಒಂದರ ಮೇಲೊಂದು ಕೂತು ನಡುವಿನ ಮೊಳೆಗಳ ವಿದ್ಯುತ್ತನ್ನು ದಾಟಿಸುವುದು ಅವುಗಳ ಕೆಲಸ. ಸುರಂಗದ ಒಳಗಿನ ಎರಡು ಕೂಡುಗಳಲ್ಲಿ ಈ ನಾಲಿಗೆಗಳ ನಡುವೆ ಉಗುರಿನಷ್ಟು ಚಿಕ್ಕದಾದ ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿತ್ತು. ಧೂಳು ಹಿಡಿದು ಕಪ್ಪಾಗಿದ್ದ ಅದನ್ನು ಕಸವೆಂದು ತೆಗೆದೆಸೆಯುವುದು ಬಹಳ ಸುಲಭ. ನಕ್ಷೆಯಲ್ಲಿ ನೋಡಿದರೆ ಆ ಎರಡು ಕೂಡುಗಳ ನಡುವಿನ ತುಂಡಿಗೆ ವಿದ್ಯುತ್ತು ಸುರಂಗದ ಹೊರಗಿನ ಸಿಗ್ನಲ್ ಮೂಲಕ ಬರುತ್ತದೆ. ಸಿಗ್ನಲ್ ಕೈ ಅಡ್ಡವಾಗಿದ್ದರೆ ಗಾಡಿ ಕಣ್ಣಿಗೆ ಬೀಳದಂತೆ ಒಳಗೇ ನಿಲ್ಲುತ್ತದೆ. ಮುಂದಿನ ಗಾಡಿ ನಿಲ್ದಾಣ ದಾಟಿ, ಆಚೆಗಿರುವ ವಿಶೇಷ ಹಳಿಯ ತುಂಡಿನ ಮೇಲೆ ಹಾಯುವಾಗ ಎಂಜಿನ್ನಿನ ಪಟ್ಟಿ ಅಲ್ಲಿನ ಪುಟ್ಟ ಸನ್ನೆಗೋಲನ್ನು ಬಾಗಿಸುತ್ತದೆ. ಆ ಒಂದು ಸ್ಪರ್ಶದಿಂದ ಸಿಗ್ನಲ್ ಏರುತ್ತದೆ, ಒಳಗಿನ ಗಾಡಿ ತಾನಾಗಿ ಹೊರಡುತ್ತದೆ. ಎರಡು ಗಾಡಿಗಳು ಒಂದೇ ಸುತ್ತಿನಲ್ಲಿ ಒಂದನ್ನೊಂದು ಹಾಯದೆ ಓಡುವುದು ಆ ಪ್ಲಾಸ್ಟಿಕ್ ಚೂರುಗಳ ಬಲದಿಂದ. ಒರೆಸಿ ಅದೇ ಜಾಗದಲ್ಲಿ ಇಟ್ಟೆ, ಹಲಗೆಯ ಅಂಚಿನಲ್ಲಿ ಕೆಂಪು ಗುರುತು ಹಾಕಿದೆ.

ಇನ್ನು ಇ 94ರ ವಿಷಯ. ಮೆರ್ಕ್ಲಿನ್‌ನ ಹಳೆಯ ವಿದ್ಯುತ್ ಎಂಜಿನ್‌ಗಳಲ್ಲಿ ಒಂದು ಪುಟ್ಟ ಸನ್ನೆಯಿರುತ್ತದೆ. ಅದನ್ನು ಒಂದು ಕಡೆಗೆ ತಿರುಗಿಸಿದರೆ ಎಂಜಿನ್ ನಡುವಿನ ಮೊಳೆಗಳಿಂದ ವಿದ್ಯುತ್ ಪಡೆಯುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ನೆತ್ತಿಯ ಮೇಲಿನ ತಂತಿಯಿಂದ. ಆ ತಂತಿ ಅಲಂಕಾರಕ್ಕಲ್ಲ, ನಿಜವಾಗಿ ವಿದ್ಯುತ್ತನ್ನು ಒಯ್ಯುವಂತೆ ಮಾಡಿದ್ದು. ‘ಓಡದ’ ಎಂಜಿನ್ನಿನ ಸನ್ನೆ ಮೇಲಿನ ತಂತಿಯ ಕಡೆಗಿತ್ತು. ತಿರುಗಿಸಿದ ಕೂಡಲೇ ಮೋಟಾರ್ ಗುಂಯ್‌ಗುಟ್ಟಿತು. ಎಂಜಿನ್ ಸರಿಯಿತ್ತು. ಆದರೆ ಸನ್ನೆ ಆ ಕಡೆಗೆ ಇದ್ದದ್ದೇಕೆ ಎಂಬ ಪ್ರಶ್ನೆ ಉಳಿಯಿತು. ಲೇಔಟ್‌ನಲ್ಲಿ ತಂತಿ ಮತ್ತು ಕಂಬಗಳು ಇದ್ದದ್ದು ಒಂದೇ ಕಡೆ, ಕೆಳಗಿನ ನಿಲ್ದಾಣದ ಪಕ್ಕದ ಹಳಿಯಿಂದ ಮೇಲಿನ ನಿಲ್ದಾಣಕ್ಕೆ ಹೋಗುವ ಏರಿನಲ್ಲಿ. ಉಳಿದ ಕಡೆ ಕಂಬಗಳ ರಂಧ್ರಗಳೂ ಇರಲಿಲ್ಲ. ಹಾಕಿ ಕಿತ್ತದ್ದಲ್ಲ, ಹಾಕಲೇ ಇಲ್ಲ. ಅರ್ಧಕ್ಕೆ ಬಿಟ್ಟ ಕೆಲಸವೆಂದು ತೋರುವ ಈ ತಂತಿಗೆ ಎರಡನೆಯ ಟ್ರಾನ್ಸ್‌ಫಾರ್ಮರ್‌ನಿಂದ ಹಸಿರು ವೈರ್ ಬಂದಿತ್ತು. ಏರಿನ ತುದಿಯ ಕೊನೆಯ ಎರಡು ಕಂಬಗಳ ನಡುವಿನ ತಂತಿ ಮಾತ್ರ ಬೇರೆ, ಅದಕ್ಕೆ ಪ್ರತ್ಯೇಕ ಸ್ವಿಚ್. ಮುರಿದಿದೆಯೆಂದ ಕೊಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮುರಿದ ಗುರುತಿರಲಿಲ್ಲ. ಯಾರೋ ಸ್ಕ್ರೂ ಬಿಚ್ಚಿ ಅದನ್ನು ಶುದ್ಧವಾಗಿ ತೆಗೆದಿದ್ದರು, ಅದೂ ಒಂದೇ ತುದಿಯಲ್ಲಿ.

ಅದು ಬ್ಯಾಂಕರ್ ಎಂಜಿನ್. ಗಾಡಿಯ ಹಿಂದೆ ನಿಂತು ಏರಿಗೆ ತಳ್ಳುವ ಎಂಜಿನ್.

ಈ ಕಣಿವೆಯ ರೈಲುಮಾರ್ಗ ಗೈಸ್ಲಿಂಗನ್‌ನಲ್ಲಿ ಬೆಟ್ಟದ ಬುಡ ಮುಟ್ಟುತ್ತದೆ. ಅಲ್ಲಿಂದ ಆಮ್‌ಸ್ಟೆಟನ್‌ವರೆಗಿನ ಏರು 1850ರಲ್ಲಿ ತೆರೆದದ್ದು, 5.6 ಕಿಲೋಮೀಟರ್ ದೂರದಲ್ಲಿ 112 ಮೀಟರ್ ಹತ್ತುತ್ತದೆ, ಅತಿ ಕಡಿದಾದ ಕಡೆ ಸಾವಿರಕ್ಕೆ 22.5ರಷ್ಟು. ಭಾರಿ ಗೂಡ್ಸ್ ಗಾಡಿಗಳಿಗೆ ಹಿಂದಿನಿಂದ ಇನ್ನೊಂದು ಎಂಜಿನ್ ಬೇಕಾಗುತ್ತದೆ, ಮೇಲೆ ತಲುಪಿದ ಮೇಲೆ ಅದು ಹಿಂದೆ ಉಳಿಯುತ್ತದೆ. ನಾನು ಬೆಳೆದದ್ದು ಸಕಲೇಶಪುರದ ಕಡೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಾಟಿ 50ಕ್ಕೆ 1ರ ಏರು, 57 ಸುರಂಗ. ಮೇಲೆ ಬರುವ ಗಾಡಿಗಳ ಬಾಲಕ್ಕೆ ಬ್ಯಾಂಕರ್ ಎಂಜಿನ್‌ಗಳು ಜೋಡಣೆಯಾಗುವುದನ್ನು ನೋಡಿಯೇ ನಮಗೆಲ್ಲ ರೈಲಿನ ಹುಚ್ಚು ಹಿಡಿದದ್ದು. ಎರಡು ಏರುಗಳ ಕಡಿದು ಹೆಚ್ಚುಕಡಿಮೆ ಒಂದೇ. ಆದ್ದರಿಂದ ಆ ಹಿರಿಯರು ತಮ್ಮ ಹಲಗೆಯ ಮೇಲೆ ಏನು ಕಟ್ಟಿದ್ದಾರೆಂಬುದು ಹೊಳೆದ ಗಳಿಗೆಯ ಸಂತೋಷ ನನಗೆ ಸಣ್ಣದಲ್ಲ.

ಮಾದರಿಯಲ್ಲಿ ಈ ಏರು ಯಾಕೆ ಕಷ್ಟವೆಂಬುದಕ್ಕೆ ಲೆಕ್ಕ ಸರಳ. ಗೈಸ್ಲಿಂಗನ್ ಏರನ್ನು 87ರಿಂದ ಭಾಗಿಸಿದರೆ 64 ಮೀಟರ್ ಹಳಿ ಬೇಕು. ಮನೆಯಲ್ಲಿ ಅಷ್ಟು ಜಾಗ ಯಾರಿಗಿದೆ? ಒಂದು ಹಳಿಯ ಮೇಲೆ ಇನ್ನೊಂದು ಹಾಯಬೇಕಾದರೆ ಸುಮಾರು 9 ಸೆಂಟಿಮೀಟರ್ ಎತ್ತರ ಬೇಕು. 100ಕ್ಕೆ 3ರ ಏರು ಮೀರಬಾರದೆಂಬ ರೂಢಿಯನ್ನು ಪಾಲಿಸಿದರೂ ಅದಕ್ಕೆ 3 ಮೀಟರ್ ಓಟ ಹಿಡಿಯುತ್ತದೆ. ನಿಜವಾದ ಮಾರ್ಗಕ್ಕಿಂತ ಇದು ಕಡಿದು. ಮೇಲಾಗಿ ಏರಿನ ಅರ್ಧ ತಿರುವಿನಲ್ಲಿದೆ, ತಿರುವಿನ ತ್ರಿಜ್ಯ 36 ಸೆಂಟಿಮೀಟರ್, ತಿರುವಿನ ಘರ್ಷಣೆ ಬೇರೆ. ಉದ್ದನೆಯ ಗೂಡ್ಸ್ ಗಾಡಿ ಎಳೆಯುವ ಉಗಿ ಎಂಜಿನ್ನಿನ ಚಕ್ರಗಳು ಅಲ್ಲಿ ಜಾರುತ್ತವೆ. ಎರಡನೆಯ ಎಂಜಿನ್ ಹಿಂದೆ ಇಟ್ಟರೆ, ಎರಡಕ್ಕೂ ಒಂದೇ ಹಳಿಯಿಂದ ಒಂದೇ ವೋಲ್ಟೇಜ್ ಸಿಗುತ್ತದೆ; ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸುವ ಉಪಾಯವಿಲ್ಲ. ಡಿಜಿಟಲ್ ನಿಯಂತ್ರಣ 1980ರ ದಶಕದಲ್ಲಿ ಬರುವ ಮುಂಚಿನ ಮಾತಿದು. ಅವರು ಕಂಡುಕೊಂಡ ದಾರಿ ಇದು: ಮುಂದಿನ ಎಂಜಿನ್‌ಗೆ ನಡುವಿನ ಮೊಳೆಗಳ ವಿದ್ಯುತ್ತು, ಹಿಂದಿನ ಎಂಜಿನ್‌ಗೆ ನೆತ್ತಿಯ ತಂತಿಯ ವಿದ್ಯುತ್ತು, ಎರಡಕ್ಕೂ ಬೇರೆ ಬೇರೆ ಟ್ರಾನ್ಸ್‌ಫಾರ್ಮರ್. ಮುಂದಿನ ಕೊಕ್ಕೆ ತೆಗೆದಿದ್ದರಿಂದ ಬ್ಯಾಂಕರ್ ಗಾಡಿಗೆ ಸಿಕ್ಕಿಕೊಳ್ಳದೆ ಬರೀ ತಳ್ಳುತ್ತದೆ. ಮೇಲಿನ ಕೊನೆಯ ತಂತಿಯಲ್ಲಿ ವಿದ್ಯುತ್ತಿಲ್ಲದ ಕಾರಣ ಅದು ಅಲ್ಲಿಗೆ ಬಂದು ತಾನಾಗಿ ನಿಲ್ಲುತ್ತದೆ, ಗಾಡಿ ಮುಂದೆ ಹೋಗುತ್ತದೆ. ಸ್ವಿಚ್ ಹಾಕಿ 24 ವೋಲ್ಟಿನ ಒಂದು ತಟ್ಟು ಕೊಟ್ಟರೆ ಬ್ಯಾಂಕರ್ ದಿಕ್ಕು ಬದಲಿಸಿ, ಬಂದ ದಾರಿಯಲ್ಲೇ ಇಳಿದು ತನ್ನ ಪಕ್ಕದ ಹಳಿಯನ್ನು ಸೇರುತ್ತದೆ. ಸನ್ನೆ, ಕೊಕ್ಕೆ, ಅರೆಬರೆ ತಂತಿ, ಏನೂ ಮಾಡದಂತೆ ತೋರುತ್ತಿದ್ದ ಸ್ವಿಚ್ ಈ ನಾಲ್ಕೂ ಒಂದೇ ಯೋಜನೆಯ ಭಾಗಗಳು. ಇವುಗಳಲ್ಲಿ ಯಾವುದೊಂದನ್ನು ‘ರಿಪೇರಿ’ ಮಾಡಿದ್ದರೂ ಯೋಜನೆಯೇ ಅಳಿಸಿಹೋಗುತ್ತಿತ್ತು.

ಹಾಗೆಂದು ಎಲ್ಲವನ್ನೂ ಇದ್ದಂತೆ ಉಳಿಸಬೇಕೆಂದಲ್ಲ. ನಾನು ಕಿಂಚಿತ್ತೂ ಯೋಚಿಸದೆ ಬದಲಿಸಿದ್ದು ಟ್ರಾನ್ಸ್‌ಫಾರ್ಮರ್‌ಗಳನ್ನು. ಹಳೆಯವು 220 ವೋಲ್ಟಿಗೆ ಮಾಡಿದವು. ಇಂದು ಇಲ್ಲಿನ ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟ್ ಇದೆ, ಆದ್ದರಿಂದ ದಿಕ್ಕು ಬದಲಿಸುವ ತಟ್ಟು 24ನ್ನು ಮೀರಿ ಹೋಗುತ್ತದೆ, ಎಲೆಕ್ಟ್ರಾನಿಕ್ ಭಾಗಗಳಿರುವ ಎಂಜಿನ್ನನ್ನು ಅದು ಸುಡಬಲ್ಲದು. ಅದಕ್ಕಿಂತ ಮುಖ್ಯವಾಗಿ, ಹಳೆಯ ವೈರ್‌ಗಳ ಹೊದಿಕೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ಪೆಟ್ಟಿಗೆಯೋ ಲೋಹದ್ದು. ಮಕ್ಕಳು ಮುಟ್ಟುವ ವಸ್ತುವಿನಲ್ಲಿ ಇದನ್ನು ಬಿಟ್ಟುಕೊಳ್ಳುವಂತಿಲ್ಲ.

ಎರಡು ಎಸಿ ಟ್ರಾನ್ಸ್‌ಫಾರ್ಮರ್‌ಗಳ ಕಂದು ವೈರ್ ಒಂದೇ ಆಗಿರುವಲ್ಲಿ ಇನ್ನೂ ಎರಡು ಎಚ್ಚರಿಕೆಗಳು ಬೇಕು, ಮತ್ತು ಇವನ್ನು ಹಳೆಯ ಲೇಔಟ್ ತರುವ ಪ್ರತಿಯೊಬ್ಬರಿಗೂ ನಾನು ಒತ್ತಿ ಹೇಳುತ್ತೇನೆ. ಮೊದಲನೆಯದು ಫೇಸ್, ಅಂದರೆ ಎರಡರ ಎಸಿ ವಿದ್ಯುತ್ತಿನ ಏರಿಳಿತ ಒಂದೇ ತಾಳದಲ್ಲಿರಬೇಕೆಂಬುದು. ಇಲ್ಲಿನ ಪ್ಲಗ್ಗನ್ನು ಹೇಗೆ ತಿರುಗಿಸಿ ಹಾಕಿದರೂ ಕೂರುತ್ತದೆ. ಎರಡು ಟ್ರಾನ್ಸ್‌ಫಾರ್ಮರ್‌ಗಳು ಒಂದಕ್ಕೊಂದು ಉಲ್ಟಾ ಕೂತರೆ ಅವುಗಳ ಕೆಂಪು ತುದಿಗಳ ನಡುವೆ 16ರ ಬದಲು 32 ವೋಲ್ಟ್ ಇರುತ್ತದೆ. ಎಂಜಿನ್ನಿನ ಪಟ್ಟಿ ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟುವಾಗ ಕ್ಷಣಕಾಲ ಎರಡನ್ನೂ ಮುಟ್ಟುತ್ತದೆ, ಆ ಕ್ಷಣದಲ್ಲಿ ಕಿಡಿ ಹಾರುತ್ತದೆ. ಎರಡರ ಕಂದು ತುದಿಗಳನ್ನು ಕೂಡಿಸಿ, ಎರಡನ್ನೂ ಒಂದೇ ವೇಗಕ್ಕಿಟ್ಟು, ಕೆಂಪು ತುದಿಗಳ ನಡುವೆ ಮೀಟರ್ ಹಿಡಿದರೆ ಸೊನ್ನೆಯ ಹತ್ತಿರ ತೋರಿಸಬೇಕು. ಇಮ್ಮಡಿ ತೋರಿಸಿದರೆ ಒಂದು ಪ್ಲಗ್ಗನ್ನು ತಿರುಗಿಸಿ ಹಾಕಿ, ಎರಡಕ್ಕೂ ಬಣ್ಣದ ಚುಕ್ಕಿಯಿಟ್ಟರೆ ಆಯಿತು. ಎರಡನೆಯದು ಪ್ರಾಣಕ್ಕೇ ಸಂಬಂಧಿಸಿದ್ದು. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ಎರಡರ ಹೊರಹರಿವು ಎಲ್ಲಾದರೂ ಒಂದಾಗಿದ್ದು, ಒಂದರ ಪ್ಲಗ್ಗನ್ನು ಮಾತ್ರ ಗೋಡೆಯಿಂದ ಕಿತ್ತರೆ, ಚಾಲೂ ಇರುವ ಇನ್ನೊಂದರಿಂದ ವಿದ್ಯುತ್ತು ಹಳಿಯ ಮೂಲಕ ಹಿಂದಕ್ಕೆ ಹರಿದು, ಕೈಯಲ್ಲಿ ಹಿಡಿದ ಪ್ಲಗ್ಗಿನ ಬೆತ್ತಲೆ ಕಡ್ಡಿಗಳಲ್ಲಿ 230 ವೋಲ್ಟ್ ಹುಟ್ಟಿಸುತ್ತದೆ. ಎರಡನ್ನೂ ಸ್ವಿಚ್ ಇರುವ ಒಂದೇ ಎಕ್ಸ್‌ಟೆನ್ಷನ್ ಪಟ್ಟಿಗೆ ಹಾಕಿ, ಆ ಸ್ವಿಚ್ಚಿನಿಂದಲೇ ಆರಿಸಬೇಕು, ಪ್ಲಗ್ಗುಗಳನ್ನು ಕೀಳಲೇಬಾರದು. ನಮ್ಮ ಮನೆಯಲ್ಲಿ ಅವನ್ನು ಪಟ್ಟಿಗೆ ಬಿಗಿದು ಕಟ್ಟಿದ್ದೇನೆ.

ತುಕ್ಕು ಎಂಬುದು ನಿಜವಾದ ಕೇಡು. ತಗಡಿನ ಹಳಿಗೆ ನೆಲಮಾಳಿಗೆಯ ತೇವ ಸಾಕು. ಇಲ್ಲಿ ಉಪ್ಪುಕಾಗದ ತೆಗೆದುಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಅದು ಮೇಲಿನ ಲೇಪವನ್ನೇ ಕೆರೆದು ಹಾಕುತ್ತದೆ, ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಹಳಿಯ ನೆತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಬಟ್ಟೆ, ಮೊಳೆತಲೆಗಳಿಗೂ ನಾಲಿಗೆಗಳಿಗೂ ಗಾಜಿನ ನಾರಿನ ಪೆನ್ಸಿಲ್ ಬ್ರಶ್. ಅದರ ನಾರು ಚರ್ಮಕ್ಕೆ ಚುಚ್ಚಿಕೊಳ್ಳುವುದರಿಂದ ಕೈಗವಸು ಬೇಕು. ಸಡಿಲವಾದ ನಾಲಿಗೆಯನ್ನು ಚಪ್ಪಟೆ ಮೂತಿಯ ಇಕ್ಕಳದಿಂದ ಕೂದಲೆಳೆಯಷ್ಟು ಮೇಲೆತ್ತಿದರೆ ಸಾಕು, ಮತ್ತೆ ಬಿಗಿಯಾಗಿ ಕೂರುತ್ತದೆ. ವೋಲ್ಟೇಜನ್ನು ಬರಿಯ ಹಳಿಯಲ್ಲಿ ಅಳೆದರೆ ಎಲ್ಲ ಕಡೆಯೂ ಚೆನ್ನಾಗಿಯೇ ಕಾಣುತ್ತದೆ. ಒಂದು ಬಲ್ಬನ್ನು ಹಚ್ಚಿ, ಅದು ಉರಿಯುತ್ತಿರುವಾಗ ಅಳೆದರೆ ಮಾತ್ರ ಎಲ್ಲಿ ಸೋರಿಹೋಗುತ್ತಿದೆ ಎಂಬುದು ತಿಳಿಯುತ್ತದೆ. ಮೇಲಿನ ನಿಲ್ದಾಣದ ಹತ್ತಿರ ಹಾಗೆ ಕುಗ್ಗಿದ್ದ ಕಡೆ ಹಳಿಯನ್ನು ಕಿತ್ತು ಹಾಕದೆ ಕೆಂಪು, ಕಂದು ವೈರ್‌ಗಳ ಇನ್ನೊಂದು ಜೋಡಿಯನ್ನು ಕೆಳಗಿನಿಂದ ಕೊಟ್ಟೆ. ಬಣ್ಣಗಳು ಅವರವೇ. ಈಗ ನೆಲಮಾಳಿಗೆಯಲ್ಲಿ ತೇವ ತೋರಿಸುವ ಮೀಟರ್ ಇದೆ, ಅದು 60 ದಾಟಿದರೆ ತೇವ ಹೀರುವ ಯಂತ್ರವನ್ನು ಹಾಕುತ್ತೇನೆ.

ಎಂಜಿನ್‌ಗಳಲ್ಲಿ ಬಹುಪಾಲು ತೊಂದರೆ ಒಂದೇ: ವರ್ಷಗಟ್ಟಲೆ ಓಡದೆ ನಿಂತ ಕಾರಣ ಹಲ್ಲುಚಕ್ರಗಳಲ್ಲಿ ಹಳೆಯ ಎಣ್ಣೆ ಹಲಸಿನ ಮೇಣದಂತೆ ಗಟ್ಟಿಯಾಗಿರುತ್ತದೆ. ಇದನ್ನು ಬಲವಂತದಿಂದ ಓಡಿಸಲು ಹೋದರೆ ಮೋಟಾರಿನ ಸುರುಳಿ ಸುಡುತ್ತದೆ. ಮೇಲ್ಕವಚ ತೆಗೆದು, ಕಿಟಕಿ ತೆರೆದಿಟ್ಟು, ಬೆಂಕಿಯಿಂದ ದೂರ ಕೂತು, ಶುದ್ಧೀಕರಣದ ಪೆಟ್ರೋಲನ್ನು ಹನಿಹನಿಯಾಗಿ ಬಿಟ್ಟು ಚಕ್ರವನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದರೆ ಕಪ್ಪು ಜಿಗುಟು ಕರಗಿ ಇಳಿಯುತ್ತದೆ. ಮೋಟಾರಿನ ಎರಡು ಬ್ರಶ್‌ಗಳಲ್ಲಿ ಒಂದು ಕಾರ್ಬನ್, ಇನ್ನೊಂದು ತಾಮ್ರದ ಜಾಲರಿಯದು. ಅವುಗಳ ಜಾಗ ಅದಲುಬದಲಾಗಬಾರದು. ಒಣಗಿದ ಮೇಲೆ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಎಣ್ಣೆ ಸಾಕು. ಹೆಚ್ಚಾದರೆ ಅದು ಬ್ರಶ್‌ಗಳಿಗೆ ಹರಿದು, ಹಳಿಗೆ ಇಳಿದು, ಚಕ್ರದ ರಬ್ಬರ್ ಬಳೆಗಳನ್ನು ಉಬ್ಬಿಸುತ್ತದೆ.

ಆಮೇಲೆ ದಿಕ್ಕು ಬದಲಿಸುವ ರಿಲೇ. ಕಾಳಿನಷ್ಟು ಪುಟ್ಟ ಲೋಹದ ತಟ್ಟೆ, ಅದನ್ನು ಹಿಂದಕ್ಕೆ ಎಳೆದು ಹಿಡಿದ ಕೂದಲಿನಂಥ ಸ್ಪ್ರಿಂಗ್. 24 ವೋಲ್ಟಿನ ತಟ್ಟಿಗೆ ಮಾತ್ರ ತಟ್ಟೆ ಸುರುಳಿಯತ್ತ ಹಾರಬೇಕು, 16 ವೋಲ್ಟಿಗೆ ಹಾರಬಾರದು. ಸ್ಪ್ರಿಂಗ್ ಸಡಿಲಾದರೆ ವೇಗವಾಗಿ ಓಡುತ್ತಿರುವ ಎಂಜಿನ್ ಇದ್ದಕ್ಕಿದ್ದಂತೆ ಹಿಂದಕ್ಕೆ ತಿರುಗುತ್ತದೆ. ಬಿಗಿಯಾದರೆ, ದಿಕ್ಕು ಬದಲಿಸಲು ಹೋದಾಗ ಎಂಜಿನ್ ಮುಂದಕ್ಕೆ ನೆಗೆದು ಎದುರಿಗಿದ್ದ ಬೋಗಿಗೆ ಗುದ್ದುತ್ತದೆ. ಸ್ಪ್ರಿಂಗ್ ಕಟ್ಟಿದ ಕೊಂಡಿಯನ್ನು ಮೊನಚು ಚಿಮುಟದಿಂದ ಸ್ವಲ್ಪವೇ ಬಾಗಿಸಿ, ಓಡಿಸಿ, ಮತ್ತೆ ಬಾಗಿಸಿ ಇವೆರಡರ ನಡುವಿನ ಹದ ಹಿಡಿಯಬೇಕು. ಈ ಹವ್ಯಾಸದ ಎಲ್ಲ ಕೆಲಸಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ. ಕೈಗೆ ಹದ ಸಿಕ್ಕಾಗ ರಿಲೇ ‘ಟಕ್’ ಎನ್ನುವ ಸದ್ದೇ ಬೇರೆಯಾಗುತ್ತದೆ.

ಡಿಜಿಟಲ್ ಮಾಡಿಬಿಡಿ ಎಂದು ಗೆಳೆಯರು ಸಲಹೆ ಕೊಡುತ್ತಾರೆ. ಹಳೆಯ ಹಳಿಯಲ್ಲೂ ಅದು ಸಾಧ್ಯ. ವಿದ್ಯುತ್ತು ಕೊಡುವ ಹಳಿಯ ತುಂಡಿನೊಳಗೆ ರೇಡಿಯೊ ಕಿರಿಕಿರಿ ತಡೆಯಲು ಇಟ್ಟಿರುವ ಕೆಪಾಸಿಟರನ್ನು ತೆಗೆಯಬೇಕು, ಎಂಜಿನ್‌ಗಳಿಗೆ ಡಿಕೋಡರ್ (ತನಗೆ ಬಂದ ಆದೇಶವನ್ನು ಗುರುತಿಸುವ ಪುಟ್ಟ ಎಲೆಕ್ಟ್ರಾನಿಕ್ ಭಾಗ) ಕೂರಿಸಬೇಕು. ಹೊಸದಾಗಿ ಕಟ್ಟುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಎರಡೇ ವೈರ್‌ಗಳಲ್ಲಿ ಹತ್ತು ಎಂಜಿನ್‌ಗಳನ್ನು ಬೇರೆಬೇರೆಯಾಗಿ ಓಡಿಸುವ ಅನುಕೂಲ ಸಣ್ಣದಲ್ಲ. ಆದರೆ ಈ ಹಲಗೆಯ ಮೇಲೆ ಡಿಜಿಟಲ್ ಬಂದರೆ ಬ್ಯಾಂಕರ್‌ನ ತಂತಿ, ಎರಡನೆಯ ಟ್ರಾನ್ಸ್‌ಫಾರ್ಮರ್, ಸುರಂಗದೊಳಗಿನ ಪ್ಲಾಸ್ಟಿಕ್ ಚೂರು ಎಲ್ಲವೂ ಒಮ್ಮೆಗೇ ನಿರರ್ಥಕವಾಗುತ್ತವೆ. ಅನುಕೂಲಕ್ಕಾಗಿ ಅಷ್ಟನ್ನು ಕೊಡಲು ನನಗೆ ಮನಸ್ಸಿಲ್ಲ.

ಮೇಲ್ಭಾಗದಲ್ಲಿ ಮಾಡಿದ್ದು ಸ್ವಲ್ಪವೇ. ಧೂಳನ್ನು ಮೆತ್ತನೆಯ ಬ್ರಶ್ಶಿನಿಂದ ಎಬ್ಬಿಸಿ, ವ್ಯಾಕ್ಯೂಮ್ ಕ್ಲೀನರಿನ ಮೂತಿಗೆ ತೆಳು ಕಾಲುಚೀಲ ಬಿಗಿದು ಎಳೆದರೆ ಬಿದ್ದ ಪುಟ್ಟ ಮನುಷ್ಯರು ಚೀಲಕ್ಕೆ ಅಂಟಿಕೊಂಡು ಉಳಿಯುತ್ತಾರೆ. ಪೊದೆಗಳಿಗೆ ಬಳಸಿದ ಕಲ್ಲುಹೂವಿನಂಥ ಪಾಚಿ ಒಣಗಿ ಪುಡಿಯಾಗುತ್ತಿತ್ತು; ನೀರಿನಲ್ಲಿ ಗ್ಲಿಸರಿನ್ ಬೆರೆಸಿ ಸಿಂಪಡಿಸಿದ ಮೇಲೆ ಮೆತ್ತಗಾಯಿತು. ಮನೆಗಳ ಗೋಡೆಗಳು ಹಳದಿ ಬಣ್ಣಕ್ಕೆ ತಿರುಗಿವೆ, ಹಾಗೆಯೇ ಬಿಟ್ಟಿದ್ದೇನೆ. ಕಳಚಿದ್ದ ಮಾಡುಗಳನ್ನು ಅಂಟಿಸುವ ಮುನ್ನ ಆ ಹಿರಿಯರ ಪತ್ನಿಯನ್ನು ಫೋನಿನಲ್ಲಿ ಕೇಳಿದೆ. ಯಾವ ಮನೆಗೆ ಯಾವ ಮಾಡು ಎಂಬುದು ಅವರಿಗೆ ಬಾಯಿಪಾಠವಿತ್ತು.

ನಕ್ಷೆ ಪೂರ್ತಿಯಾದ ಮೇಲೆ ಒಂದು ಜೋಡಿ ನೀಲಿ ವೈರ್ ಮಾತ್ರ ಎಲ್ಲಿಗೂ ಸೇರದೆ ಉಳಿಯಿತು. ಮೇಲಿನ ನಿಲ್ದಾಣದ ಹಿಂಬದಿಯ ಅಂಚಿನಲ್ಲಿ, ಚೌಕಟ್ಟಿಗೆ ಕೊರೆದ ರಂಧ್ರದ ಪಕ್ಕ ಅವು ನಿಂತಿವೆ. ತುದಿಗಳಿಗೆ ಪ್ಲಗ್ ಹಾಕಿ, ಟೇಪ್ ಸುತ್ತಿ, ಸರಣಿಯ ಮುಂದಿನ ಅಂಕಿಯ ಚೀಟಿ ಕಟ್ಟಿದ್ದಾರೆ. ಗುಂಡಿಗಳ ಪೆಟ್ಟಿಗೆಯಲ್ಲಿ ಅದೇ ಅಂಕಿಯ ಕೆಂಪು, ಹಸಿರು ಗುಂಡಿಗಳು ಖಾಲಿ ಇವೆ. ಅಲ್ಲೊಂದು ಪಾಯಿಂಟ್ ಬರಬೇಕಿತ್ತು, ಅಲ್ಲಿಂದ ಕವಲು ಮಾರ್ಗವೊಂದು ಹಲಗೆಯ ಆಚೆಗೆ ಹೋಗಬೇಕಿತ್ತು. ಫೋನಿನಲ್ಲಿ ಇದನ್ನು ಹೇಳಿದಾಗ, ಕಿಟಕಿಯ ಕೆಳಗಿನ ಕಪಾಟಿನ ಮೇಲೆ ಚಿಕ್ಕ ಊರೊಂದನ್ನು ಮಾಡುವ ಮಾತು ಆಗಿತ್ತೆಂದು ಅವರು ನೆನಪಿಸಿಕೊಂಡರು. ಅದಕ್ಕೆಂದು ತಂದ ನಿಲ್ದಾಣದ ಕಿಟ್ ಇನ್ನೂ ಅವರಲ್ಲಿದೆಯಂತೆ, ಬಿಡಿಸದ ಪೆಟ್ಟಿಗೆ. ತಾವೇ ಅಂಟಿಸಿಕೊಡುತ್ತೇನೆಂದಿದ್ದಾರೆ. ಹಳಿಯ ಕೆಲಸ ನನ್ನದು. ಸೆಕೆಂಡ್‌ಹ್ಯಾಂಡ್ ಸಾಮಾನಿನ ಸಂತೆಯಲ್ಲಿ ಬಲಬದಿಯ ಪಾಯಿಂಟ್ ಒಂದನ್ನು ಆರಿಸಿ ತಂದಿದ್ದೇನೆ, ಅದರ ಎರಡೂ ಕಾಯಿಲ್‌ಗಳು ಸರಿಯಿವೆ, ದೀಪದ ಬಲ್ಬ್ ಮಾತ್ರ ಬದಲಾಗಬೇಕು.